ಜರ್ಮನಿಯ ಬ್ರೌನ್‌ಷ್ವೈಗ್‌ನಿಂದ ಅಪ್ಪನಿಗೆ

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನು ಕ್ಷೇಮ. ಅವ್ವನ ಪತ್ರ ತಲುಪಿತು. ಹುತ್ತರಿಗೆ ಮೊದಲು ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು ಈಗ ರಾತ್ರಿ ಬ್ಯಾಟರಿ ಹಿಡಿದು ತೋಟಕ್ಕೆ ಬಂದ ಒಂಟಿ ಸಲಗವನ್ನು ಅಟ್ಟಲು ಹೋದಿರಂತೆ, ಅದೂ ಒಬ್ಬರೇ. ಓದಿದಾಗಿನಿಂದ ಊಟ ಸೇರುತ್ತಿಲ್ಲ. ಬೇಟೆ ಕಂಡ ಮನೆಯವನು ನಾನು, ನನಗೇನು ಹೇಳುತ್ತೀಯೆ ಎನ್ನುತ್ತೀರಿ. ಬೇಟೆಯ ಮಾತನ್ನೇ ಹೇಳುತ್ತೇನೆ.

ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಹತ್ತಿರದ ಶೋನಿಂಗನ್ ಊರಿನ ಮ್ಯೂಸಿಯಂಗೆ ಹೋಗಿದ್ದೆ. 1990ರ ದಶಕದಲ್ಲಿ ಅಲ್ಲಿನ ಕಲ್ಲಿದ್ದಲು ಗಣಿಯಲ್ಲಿ ಆದಿಮಾನವರ ಮರದ ಈಟಿಗಳು ಸಿಕ್ಕಿದವು. 3 ಲಕ್ಷ ವರ್ಷ ಹಳೆಯವು ಎನ್ನುತ್ತಿದ್ದರು, ಈಚೆಗೆ 2 ಲಕ್ಷ ಎನ್ನುತ್ತಿದ್ದಾರೆ. ಹೆಚ್ಚಿನವು ಆಳೆತ್ತರವನ್ನೂ ಮೀರುತ್ತವೆ. ಬುಡದ ಕಡೆಯ ಮರ ಗಟ್ಟಿಯೆಂದು ಮೊನೆಯನ್ನು ಅಲ್ಲಿಂದಲೇ ಕೆತ್ತಿದ್ದಾರೆ. ನೀವು ನೋಡಿದ್ದರೆ ಕೈಯಲ್ಲಿ ಹಿಡಿಯದೆ ಬಿಡುತ್ತಿರಲಿಲ್ಲ. ಸುತ್ತಲೂ ಕಾಡುಕುದುರೆಗಳ ಮೂಳೆಗಳ ರಾಶಿ. ಕೆರೆಯ ದಂಡೆಯಲ್ಲಿ ಹೊಂಚು ಹಾಕಿ, ಹಲವರು ಸೇರಿಯೇ ಹೊಡೆದಿರಬೇಕು. ಅಂಥ ಹಿಂಡಿಗೆ ಒಬ್ಬನ ಈಟಿ ಎಲ್ಲಿ ಸಾಕಾಗುತ್ತದೆ?

ಅಮೆರಿಕದ ಯೆಲ್ಲೊಸ್ಟೋನ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಲೆಕ್ಕ ಇಟ್ಟಿದ್ದಾರೆ. ಎಲ್ಕ್ ಎಂಬ ದೊಡ್ಡ ಜಿಂಕೆಗೆ 4 ತೋಳಗಳಿದ್ದರೆ ಸಾಕು, ಆಮೇಲೆ ಎಷ್ಟು ಸೇರಿದರೂ ಗೆಲುವು ಹೆಚ್ಚುವುದಿಲ್ಲ. ಕಾಡೆಮ್ಮೆಯಂಥ ಬೈಸನ್ನಿಗಾದರೆ 9ರಿಂದ 13ರವರೆಗೂ ಪ್ರತಿ ಜೊತೆಗಾರನೂ ಲೆಕ್ಕಕ್ಕೆ ಬರುತ್ತಾನೆ. ಎರಡು ಮೂರು ವರ್ಷಕ್ಕೆ ತೋಳದ ಬೇಟೆಯ ಕಸುವು ಶಿಖರಕ್ಕೇರಿ, ಆಮೇಲೆ ಇಳಿಯುತ್ತದಂತೆ. ನಮ್ಮ ನಾಗರಹೊಳೆಯ ಕಾಡುನಾಯಿಗಳು ಶಿಳ್ಳೆ ಹಾಕಿ ಒಂದನ್ನೊಂದು ಕರೆದು ಸೇರುವುದನ್ನು ನೀವೇ ನನಗೆ ಹೇಳಿಕೊಟ್ಟವರು. ಅವು ಮರಿಗಳಿಗೆ ಮೊದಲು ತಿನ್ನಲು ಬಿಡುತ್ತವೆ.

ಇನ್ನೊಂದು ಹೇಳಲೇಬೇಕು. ಜಾರ್ಜಿಯಾ ದೇಶದ ದ್ಮಾನಿಸಿಯಲ್ಲಿ ಸುಮಾರು 18 ಲಕ್ಷ ವರ್ಷ ಹಳೆಯ ತಲೆಬುರುಡೆ ಸಿಕ್ಕಿದೆ. ಒಂದು ಹಲ್ಲು ಬಿಟ್ಟರೆ ಉಳಿದವೆಲ್ಲ ಬದುಕಿದ್ದಾಗಲೇ ಉದುರಿವೆ. ಹಾಗಿದ್ದೂ ಆ ಮನುಷ್ಯ ಕೆಲವು ವರ್ಷ ಬದುಕಿದ್ದ. ಗುಂಪಿನವರು ಮೆತ್ತನೆಯದನ್ನು ಕೊಟ್ಟು ಸಾಕಿರಬೇಕು ಎಂದು ಬಲ್ಲವರು ಹೇಳುತ್ತಾರೆ, ನಾನೂ ಅದನ್ನೇ ನಂಬುತ್ತೇನೆ. ಆನೆ ಬಂದರೆ ಬೋಪಣ್ಣನನ್ನೂ ಲೈನ್ ಮನೆಯ ಕೆಲಸದವರನ್ನೂ ಎಬ್ಬಿಸಿ, ಅರಣ್ಯ ಇಲಾಖೆಗೆ ಫೋನ್ ಮಾಡಿಸಿ. ನೀವು ಜಗಲಿಯಲ್ಲಿ ಕುಳಿತು ಸಲಗ ಯಾವ ದಾರಿಯಲ್ಲಿ ಹೋಗುತ್ತದೆಂದು ಹೇಳಿದರೆ ಸಾಕು. ಅದು ನಿಮ್ಮಷ್ಟು ಯಾರಿಗೆ ಗೊತ್ತು!

ಇಲ್ಲಿ ಕಾಡುಹಂದಿಯ ಬೇಟೆಗೆ ಹೊರಟವರು ಒಬ್ಬರಿಗೊಬ್ಬರು ಕಾಣಲೆಂದು ಕಿತ್ತಳೆ ಬಣ್ಣದ ಅಂಗಿ ತೊಡುತ್ತಾರೆ, ನಾಯಿಗೂ ತೊಡಿಸುತ್ತಾರೆ. ನಾಯಿ ಸಾಕಿದರೆ ಊರಿಗೆ ತೆರಿಗೆಯನ್ನೂ ಕಟ್ಟಬೇಕು!

ನನ್ನ ಚಿಂತೆ ಬೇಡ. ಚಳಿ ಇದೆ, ಆದರೆ ಮನೆ ಬೆಚ್ಚಗಿದೆ. ಕೆಮ್ಮು ಇಲ್ಲ, ನಿಮ್ಮ ಉತ್ತರ ಬಂದರೆ ಊಟವೂ ಸೇರುತ್ತದೆ. ಇಸಿಜಿ ವರದಿಯ ಫೋಟೋವನ್ನು ಬೋಪಣ್ಣ ಇವತ್ತೇ ಕಳಿಸಲಿ. ಮಾತ್ರೆ ತಪ್ಪಿಸಬೇಡಿ. ಹಣ ಹಾಕಿದ್ದೇನೆ. ಬಸ್ಸು ಬಂತು, ಅವ್ವನಿಗೆ ನಮಸ್ಕಾರ.

ನಿಮ್ಮ
ದೇಚು