ಮೊಬೈಲ್ ನೋಡಿ ಹೀಗಾದರಾ ಎಂದು ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಹದಿನೇಳು ಹದಿನೆಂಟರ ಮಕ್ಕಳಿಗೆ ಪಾಠ ಹೇಳುವವನು ನೀನು. "ರೀಲ್ಸ್ ನೋಡಿ ನೋಡಿಯೇ ಹುಡುಗರು ತಾವು ಗೇ ಅಂದುಕೊಳ್ಳುತ್ತಿದ್ದಾರಾ?" ಎಂದು ಕೇಳಿದ್ದೆ. ಫೋನಿನಲ್ಲಿ ಅರ್ಧಂಬರ್ಧ ಹೇಳಲು ಮನಸ್ಸಾಗದೆ ಬರೆಯುತ್ತಿದ್ದೇನೆ.

ಸಲಿಂಗಿಗಳು ತಮ್ಮನ್ನು ತಾವು ಕಂಡುಕೊಳ್ಳುವ ಬಗೆಯನ್ನು ವಿವಿಯನ್ ಕ್ಯಾಸ್ ಎಂಬ ಮನಶ್ಶಾಸ್ತ್ರಜ್ಞೆ 1979ರಲ್ಲಿ ಆರು ಹಂತಗಳಾಗಿ ವಿವರಿಸಿದರು. ಮೊದಲನೆಯದೇ ಗೊಂದಲ. ಆಗ ಯಾರ ಜೇಬಿನಲ್ಲೂ ಮೊಬೈಲ್ ಇರಲಿಲ್ಲ. ಎಲ್ಲರೂ ಆ ಆರನ್ನೂ ಸಾಲಾಗಿ ದಾಟುವುದಿಲ್ಲ ಎಂಬ ಟೀಕೆ ಆಮೇಲೆ ಬಂತು, ಅದೂ ಸರಿಯೇ. ಆದರೆ "ನಾನು ಉಳಿದವರ ಹಾಗಿಲ್ಲವಾ?" ಎಂಬ ಆ ತಳಮಳ ಜಾಲತಾಣಗಳಿಗಿಂತ ಹಳೆಯದು. ಹಿಂದೆ ಅದನ್ನು ವರ್ಷಗಟ್ಟಲೆ ಒಬ್ಬರೇ ನುಂಗಿಕೊಂಡಿರಬೇಕಿತ್ತು. ಈಗ ತನ್ನಂಥವರು ಇದ್ದಾರೆ, ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ, ನಗುತ್ತಿದ್ದಾರೆ ಎಂಬುದು ಮಗುವಿಗೆ ಕಾಣುತ್ತದೆ. ಇದು ಸಣ್ಣ ಸಂಗತಿಯಲ್ಲ ಕಣೋ.

ನನಗೆ ಕಳವಳ ಬೇರೆಯದು. ಒಂದು ವಿಡಿಯೊದ ಮೇಲೆ ಕಣ್ಣು ಎಷ್ಟು ಹೊತ್ತು ನಿಂತಿತು ಎಂಬುದನ್ನು ಆ್ಯಪ್ ಅಳೆಯುತ್ತದೆ. ನಿಂತದ್ದು ಕುತೂಹಲಕ್ಕೋ, ಹೆದರಿಕೆಗೋ, ಇಷ್ಟಕ್ಕೋ ಅದಕ್ಕೆ ತಿಳಿಯದು. ಅಂಥದ್ದನ್ನೇ ಮತ್ತಷ್ಟು ತಂದು ಸುರಿಯುತ್ತದೆ. "ನನಗಿಂತ ಮೊದಲು ಇದಕ್ಕೇ ಗೊತ್ತಾಯ್ತು" ಎಂದು ಹುಡುಗ ನಂಬಿಬಿಟ್ಟರೆ, ತನ್ನನ್ನು ತಾನು ನಿಧಾನವಾಗಿ ಕೇಳಿಕೊಳ್ಳುವ ಅವಕಾಶ ತಪ್ಪಿತು. ಲಿಸಾ ಡೈಮಂಡ್ ಎಂಬ ಸಂಶೋಧಕಿ ಹತ್ತು ವರ್ಷ ಕೆಲವು ಮಹಿಳೆಯರ ಜೊತೆ ಮಾತಾಡುತ್ತಾ ಬಂದರು. ತಮ್ಮ ಲೈಂಗಿಕ ಒಲವಿಗೆ ತಾವು ಕೊಟ್ಟುಕೊಂಡ ಹೆಸರನ್ನು ಆ ಅವಧಿಯಲ್ಲಿ ಹಲವರು ಬದಲಿಸಿದ್ದರು. ಹಾಗೆಂದು ಅವರ ಮೊದಲಿನ ಅನಿಸಿಕೆ ಸುಳ್ಳಾಗಿರಲಿಲ್ಲ. ಹದಿನೇಳಕ್ಕೇ ಎಲ್ಲ ತೀರ್ಮಾನ ಆಗಬೇಕೆಂದು ಯಾರು ಹೇಳಿದರು?

ಇನ್ನು ಗುಟ್ಟು ರಟ್ಟಾಗುವ ಭಯ. ಬೇರೆ ಹೆಸರಿನ ಎರಡನೇ ಅಕೌಂಟನ್ನೂ, ಫೋನ್ ನಂಬರ್ ಜೋಡಿಸಿದ್ದರೆ, ಆ್ಯಪ್ ಪರಿಚಯದವರ ಮುಂದೆ ತಂದಿಡಬಹುದು. ನಂಬಿ ಬರೆದ ಒಂದು ಮೆಸೇಜ್ ಸ್ಕ್ರೀನ್‌ಶಾಟ್ ಆಗಿ ಇಡೀ ತರಗತಿ ಸುತ್ತಬಹುದು. ಸಮಾಧಾನ ಹೇಳುವ ಅಪರಿಚಿತ ದೊಡ್ಡವರು ಫೋಟೊ ಕೇಳಿ, ಆಮೇಲೆ ಬೆದರಿಸುವುದೂ ಉಂಟು. ಮನೆಗೆ ತಿಳಿದೀತೆಂಬ ಹೆದರಿಕೆಗೇ ಮಕ್ಕಳು ಅಂಥವರ ಕೈಗೆ ಸಿಕ್ಕಿ ಸುಮ್ಮನಿರುತ್ತಾರೆ.

ಯಾರಾದರೂ ನಿನ್ನ ಬಳಿ ಬಂದು ಬಾಯಿಬಿಟ್ಟರೆ, ಪೂರ್ತಿ ಕೇಳು. ಯಾರಿಗೆ ತಿಳಿಯಬಹುದು, ಯಾರಿಗೆ ಬೇಡ ಎಂದು ಅವರನ್ನೇ ವಿಚಾರಿಸು. ಅವರ ಒಪ್ಪಿಗೆಯಿಲ್ಲದೆ ಈ ಮಾತನ್ನು ಮನೆಗೆ ಮುಟ್ಟಿಸಬೇಡ. ಬೆದರಿಕೆ ಇದ್ದರೆ ಮಾತ್ರ ತಡಮಾಡದೆ, ಮೆಸೇಜುಗಳನ್ನು ಅಳಿಸದೆ ಇಟ್ಟುಕೊಳ್ಳಲು ಹೇಳಿ, ದೂರು ಕೊಡಲು ಜೊತೆಗೆ ಹೋಗು.

ಇಂತಿ ನಿನ್ನ ಗೆಳೆಯ