ಎಂಬತ್ತು ಸಾವಿರ ಜನ, ಎಷ್ಟು ಟ್ರಿಪ್ಪು?

ಸಂಪಾದಕರೇ,

ಯುದ್ಧದ ಕಂಪ್ಯೂಟರ್ ಆಟಗಳಿಂದ ಮಕ್ಕಳು ತಪ್ಪು ಇತಿಹಾಸ ಕಲಿಯುತ್ತಾರೆ ಎಂದು ಕಳೆದ ವಾರ ಓದುಗರೊಬ್ಬರು ಬರೆದಿದ್ದರು. ನನಗೆ 46 ವರ್ಷ. ಮನೆ ಸಾಮಾನು ಸಾಗಿಸುವ ಟೆಂಪೊ ಇಟ್ಟುಕೊಂಡಿದ್ದೇನೆ. ರಾತ್ರಿ ಊಟ ಆದಮೇಲೆ ಮಗನ ಕಂಪ್ಯೂಟರಿನಲ್ಲಿ ‘ಟೋಟಲ್ ವಾರ್: ಅಟ್ಟಿಲಾ’ ಆಡುವುದು ನನ್ನ ಚಟ. ಹಾಗಾಗಿ ನನ್ನದೂ ನಾಲ್ಕು ಮಾತು.

ಆಟ ಶುರುವಾಗುವುದು ಕ್ರಿ.ಶ. 395ರಲ್ಲಿ. ನಾನು ವ್ಯಾಂಡಲರ ಕಡೆ. ಯುರೋಪಿನ ಒಂದು ಜರ್ಮಾನಿಕ್ ಬುಡಕಟ್ಟಿನವರು ಇವರು. ಇವರಿಗೆ ಸ್ವಂತ ಊರಿಲ್ಲ, ಬಿಡಾರವೇ ಊರು. ವರ್ಷ ಕಳೆದಂತೆ ಚಳಿ ಜಾಸ್ತಿಯಾಗಿ ಉತ್ತರದ ನೆಲದಲ್ಲಿ ಬೆಳೆ ಕೈಕೊಡುತ್ತದೆ. ದಕ್ಷಿಣಕ್ಕೆ ಹೋಗದೆ ಗತಿಯಿಲ್ಲ. ಉತ್ತರ ಆಫ್ರಿಕದ ಕಾರ್ತೇಜ್ ಪಟ್ಟಣಕ್ಕೆ ಇವರನ್ನು ಹೊರಡಿಸಿದೆ. ಸಮುದ್ರ ಬಂತು, ಮೌಸ್ ಒತ್ತಿದೆ, ಜನವೆಲ್ಲ ತಾವಾಗಿಯೇ ಹಡಗಿನಲ್ಲಿದ್ದರು! ಇದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

ಮನೆ ಖಾಲಿ ಮಾಡುವುದು ಏನು ಅಂತ ನನಗೆ ಗೊತ್ತು. ಹೋದ ತಿಂಗಳು ಒಂದು ಮನೆಯಲ್ಲಿ ಒರಳುಕಲ್ಲಿನ ಜಗಳ. ಮಿಕ್ಸಿ ಇದೆಯಲ್ಲ, ಸುಮ್ನೆ ಯಾಕೆ ಭಾರ ಅಂತ ಸೊಸೆ. ಅದು ಗಾಡಿ ಹತ್ತುವ ತನಕ ನಾನೂ ಹತ್ತಲ್ಲ ಅಂತ ಅಜ್ಜಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೊನೆಗೆ ಗೋಣಿಚೀಲ ಹಾಸಿ ಮೂವರು ಹಮಾಲರು ಎತ್ತಿದರು. ಎರಡು ಟ್ರಿಪ್ಪಿನ ಕೆಲಸ ಮೂರಾಯಿತು.

ವ್ಯಾಂಡಲರು ನಿಜವಾಗಿ ದಾಟಿದ್ದು 429ರಲ್ಲಿ, ಸ್ಪೇನಿನಿಂದ ಆಫ್ರಿಕಕ್ಕೆ. ಅವರ ರಾಜ ಗೈಸೆರಿಕ್ ಮುದುಕರು, ಮಕ್ಕಳು, ಆಳುಗಳು ಎಲ್ಲರ ಎಣಿಕೆ ಮಾಡಿಸಿದನಂತೆ. ಒಟ್ಟು 80,000. ಅಷ್ಟೂ ಸೈನಿಕರೇ ಅಂತ ತಿಳಿಯದವರು ನಂಬಿದ್ದರು ಎಂದು ಅದೇ ಶತಮಾನದ ಬಿಷಪ್, ವೀಟಾದ ವಿಕ್ಟರ್ ಬರೆದಿದ್ದಾನೆ. ನಡುವಿನ ಜಿಬ್ರಾಲ್ಟರ್ ಜಲಸಂಧಿ ತೀರಾ ಕಿರಿದಾದ ಕಡೆಯಲ್ಲೂ ಸುಮಾರು 14 ಕಿ.ಮೀ. ಇದೆ. ಒಂದು ದೋಣಿಗೆ ನೂರು ಜನ ಅಂತ ಇಟ್ಟುಕೊಂಡರೂ 800 ಟ್ರಿಪ್ಪು. ಪಾತ್ರೆಪಗಡೆ, ದನಕರು ಬೇರೆ.

ಆಮೇಲೆ ಕರಾವಳಿಯುದ್ದಕ್ಕೂ ನಡಿಗೆ. 430ರಲ್ಲಿ ಹಿಪ್ಪೋ ಪಟ್ಟಣಕ್ಕೆ ಮುತ್ತಿಗೆ. ಅಲ್ಲಿನ ಬಿಷಪ್ ಸಂತ ಅಗಸ್ಟೀನ್ ತೀರಿಕೊಂಡಿದ್ದು ಆ ಮುತ್ತಿಗೆಯ ನಡುವೆಯೇ. ಕಾರ್ತೇಜ್ ಸಿಕ್ಕಿದ್ದು 439ರಲ್ಲಿ. ಹತ್ತು ವರ್ಷ! ಆಟದಲ್ಲಿ ವರ್ಷಕ್ಕೆ ನಾಲ್ಕು ಟರ್ನ್ (ಆಡುವ ಸರದಿ), ಅಂದರೆ ಹತ್ತು ವರ್ಷಕ್ಕೆ 40 ಟರ್ನ್. ನಾನು ಅದರ ಕಾಲುಭಾಗದಲ್ಲೇ ಮುಗಿಸಿದ್ದೆ.

ಹಾಗಂತ ಆಟ ಕಲಿಸಿದ್ದೆಲ್ಲ ಸುಳ್ಳಲ್ಲ. ಆಫ್ರಿಕವೇ ಯಾಕೆ ಅಂತ ಹುಡುಕಿದಾಗಲೇ ರೋಮಿನ ಗೋಧಿ ಅಲ್ಲಿಂದ ಬರುತ್ತಿತ್ತು ಅಂತ ತಿಳಿದಿದ್ದು. ಕಣಜ ಕೈಗೆ ಸಿಕ್ಕಿದರೆ ರೋಮೇ ಕೈಗೆ ಸಿಕ್ಕಂತೆ, ಅಲ್ವಾ? ನಾನು ಓದಿದ ಹೈಸ್ಕೂಲು ಪುಸ್ತಕದಲ್ಲಿ ವ್ಯಾಂಡಲರು ಬರೀ ‘ಅನಾಗರಿಕರು’.

ಆಟ ಮಾಡುವವರಿಗೆ ನನ್ನದು ಒಂದೇ ಬೇಡಿಕೆ: ಸಾಮಾನಿಗೂ ತೂಕ ಇಡಿ. ವ್ಯಾಂಡಲರ ಮನೆಯಲ್ಲೂ ಬೀಸುಕಲ್ಲು ಇದ್ದೇ ಇರುತ್ತದೆ. ಅದನ್ನು ಬಿಟ್ಟು ಬೇಗ ಹೋಗುವುದೋ, ಹೊತ್ತು ನಿಧಾನ ಹೋಗುವುದೋ, ಆಡುವವನೇ ತೀರ್ಮಾನಿಸಲಿ. ನಾನಂತೂ ಹೊರುತ್ತೇನೆ. ಇಲ್ಲದಿದ್ದರೆ ಅಜ್ಜಿ ಹಡಗು ಹತ್ತುವುದಿಲ್ಲವಲ್ಲ.

– ಒಬ್ಬ ಟೆಂಪೊ ಮಾಲೀಕ, ದಾವಣಗೆರೆ