ಟಿಎನ್1 ಬೀಜವನ್ನೂ ತಗೊಂಡು ಬಾ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ನೀನು ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಿಂದ ಫೋನ್ ಮಾಡಿ, ಭತ್ತದ ರಸ ಹೀರುವ ಜಿಗಿಹುಳ ಬಿಟ್ಟ ಟ್ರೇಯಲ್ಲಿ, ಹುಳಕ್ಕೆ ಬೇಗ ಸೋಲುವ ಟಿಎನ್1 ತಳಿಯ ಸಾಲು ಪೂರ್ತಿ ಒಣಗಿ ಮಲಗಿತು, ಪಕ್ಕದ ನಿನ್ನ ಹೊಸ ತಳಿಯ ಸಾಲು ಮಾತ್ರ ಹಸಿರಾಗಿ ನಿಂತಿದೆ ಅಂದಾಗ ನಿನ್ನ ದೊಡ್ಡಮ್ಮನೂ ಒಲೆ ಬಿಟ್ಟು ಬಂದು ಕೇಳಿಸಿಕೊಂಡಳು. ಖುಷಿಯಾಯಿತು. ಆದರೆ ಬರುವ ಮಳೆಗಾಲಕ್ಕೆ ನಮ್ಮ ಎರಡು ಎಕರೆಗೂ ಅದನ್ನೇ ನೆಡಿ ಅಂದೆಯಲ್ಲ, ಅದಕ್ಕೆ ನಾನು ಒಪ್ಪುವುದಿಲ್ಲ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಈ ಕಾಗದ.

ಜಿಗಿಹುಳ ಏನು ಮಾಡಬಲ್ಲದು ಅಂತ ನಾನು ಕಲಿತದ್ದು ಕೃಷಿ ಇಲಾಖೆಯ ನೌಕರಿಯಲ್ಲಲ್ಲ, ನಮ್ಮ ಬೈಲುಗದ್ದೆಯಲ್ಲಿ. ನೀನಿನ್ನೂ ಹುಟ್ಟಿರಲಿಲ್ಲ. ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಬೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹಚ್ಚಂಬಲಿಯ ಎಡೆ ಬೀರಲು ಹೋದರೆ, ಟಾರ್ಚ್ ಬೆಳಕಿಗೆ ಗದ್ದೆ ನಡುವೆ ಚಾಪೆಯಷ್ಟಗಲ ಸುಟ್ಟ ಹಾಗೆ ಕಂಡಿತು. ಬುಡ ಬಿಡಿಸಿ ನೋಡಿದೆ. ನೀರಿನ ಮಟ್ಟದಿಂದ ಒಂದು ಗೇಣು ಎತ್ತರಕ್ಕೆ ರಾಗಿ ಮೆತ್ತಿದ ಹಾಗೆ ಹುಳ. ಎರಡು ವಾರದ ಹಿಂದಷ್ಟೇ ಎಲೆಸುರುಳಿ ಹುಳಕ್ಕೆಂದು ಪೈರೆಥ್ರಾಯ್ಡ್ ಕೀಟನಾಶಕ ಹೊಡೆದಿದ್ದೆ, ಅದೂ ನನ್ನದೇ ಬುದ್ಧಿ. ಜಿಗಿಹುಳವನ್ನು ತಿನ್ನುವ ಜೇಡ, ಮಿರಿಡ್ ತಿಗಣೆ ಎಲ್ಲ ಸತ್ತು ಅದಕ್ಕೆ ಹೇಳುವವರು ಕೇಳುವವರು ಇಲ್ಲದಾಯಿತು. ಮೇಲಿಂದ ಯೂರಿಯಾ ಬೇರೆ ಸುರಿದಿದ್ದೆ. ಆ ವರ್ಷದ ಹುಲ್ಲನ್ನು ದನವೂ ಮೂಸಲಿಲ್ಲ.

‘ಆಗ ನನ್ನ ತಳಿ ಇದ್ದಿದ್ದರೆ’ ಅಂತ ನೀನು ಹೇಳಬಹುದು. ಆದರೆ ಇದನ್ನು ಕೇಳು. ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 1973ರಲ್ಲಿ ಐಆರ್26 ಎಂಬ ತಳಿ ಬಿಟ್ಟರು. ಜಿಗಿಹುಳ ತಡೆಯಲು ಅದರಲ್ಲಿದ್ದ ಜೀನ್ ಬಿಪಿಎಚ್1. ಎರಡು-ಮೂರು ವರ್ಷದಲ್ಲಿ ಅದರ ಮೇಲೂ ಬದುಕುವ ಹುಳದ ಪಂಗಡ ಎದ್ದಿತು. 1976ಕ್ಕೆ ಬೇರೆ ಜೀನಿನ ಐಆರ್36 ತರಬೇಕಾಯಿತು. ಜೀನ್ ಕೆಟ್ಟಿತೆಂದಲ್ಲ. ಅದಕ್ಕೆ ಜಗ್ಗದ ಹುಳ ಎಲ್ಲೋ ಒಂದೆರಡು ಮೊದಲೇ ಇರುತ್ತವೆ. ಊರಿಡೀ ಒಂದೇ ತಳಿ ನೆಟ್ಟರೆ ಗದ್ದೆಯನ್ನು ಅವುಗಳ ಸಂತಾನಕ್ಕೇ ಬರೆದುಕೊಟ್ಟ ಹಾಗೆ. ನೀನು ಭತ್ತ ಆರಿಸುತ್ತಿದ್ದೀ, ನಿನ್ನ ಭತ್ತ ಹುಳ ಆರಿಸುತ್ತದೆ.

ಹಾವೇರಿ ಕಡೆಯ ನಮ್ಮ ಭಾವ, ಕಾಯಿಕೊರಕ ಹುಳ ತಡೆಯುವ ಬಿಟಿ ಹತ್ತಿಯ 450 ಗ್ರಾಂ ಪೊಟ್ಟಣದ ಜೊತೆ ಬರುತ್ತಿದ್ದ 120 ಗ್ರಾಂ ಸಾದಾ ಬೀಜವನ್ನು ದಂಡ ಅಂತ ಎಸೆಯುತ್ತಿದ್ದರು. ಅದರ ಮೇಲೆ ಮಾಮೂಲಿ ಹುಳ ಒಂದಿಷ್ಟು ಬದುಕಿ, ಜಗ್ಗದ ಹುಳದ ಜೊತೆ ಕೂಡಲಿ ಅಂತಲೇ ಅದನ್ನು ಕೊಡುತ್ತಿದ್ದದ್ದು. 2010ರಲ್ಲಿ ಗುಜರಾತಿನ ಗುಲಾಬಿ ಕಾಯಿಕೊರಕಕ್ಕೆ ಮೊದಲ ಬಿಟಿ ಹತ್ತಿ ನಾಟುವುದಿಲ್ಲ ಅಂತ ಸುದ್ದಿ ಬಂತು.

ಅದಕ್ಕೇ ಕೇರಳದ ಪಟ್ಟಾಂಬಿಯ ಪಿಟಿಬಿ33 ಭತ್ತದ ಮೇಲೆ ಕಣ್ಣಿಡು. ಜಿಗಿಹುಳ ತಡೆಯುವ ಜೀನ್ ಅದರಲ್ಲಿ ಒಂದಲ್ಲ, ಹಲವು. ಇನ್ನೊಂದು ಮಾತು. ಗಿಡ ಬದುಕಿತೇ ಸತ್ತಿತೇ ಅಂತ ಮಾತ್ರ ಬರೆದುಕೊಳ್ಳಬೇಡ. ನೀನು ವಾಟ್ಸಾಪಿನಲ್ಲಿ ಕಳಿಸಿದ್ದೆಯಲ್ಲ, ಹುಳ ರಸ ಹೀರಿ ಹೊರಬಿಡುವ ಅಂಟು ಬಿದ್ದಲ್ಲೆಲ್ಲ ನೀಲಿ ಚುಕ್ಕೆ ಏಳುವ ಕಾಗದ, ಅದು ನನಗೆ ಹಸಿರು ಸಾಲಿಗಿಂತ ಹೆಚ್ಚು ಹಿಡಿಸಿತು. ಚುಕ್ಕೆ ಕಡಿಮೆಯಿದ್ದರೆ ಹುಳಕ್ಕೆ ರಸ ಹೀರಲಾಗಿಲ್ಲ. ಚುಕ್ಕೆ ತುಂಬಿಯೂ ಗಿಡ ನಿಂತಿದ್ದರೆ ಅದು ತಾಳಿಕೊಂಡಿದೆ. ತಾಳಿಕೊಳ್ಳುವ ಗಿಡವನ್ನು ಕೀಳಾಗಿ ಕಾಣಬೇಡ. ಅದರ ಮೇಲೆ ಹುಳಕ್ಕೂ ಬದಲಾಗುವ ತುರ್ತಿಲ್ಲ.

ನಿಮ್ಮ ಗೈಡ್ ಒಪ್ಪಿದರೆ ಕೆಳಗಿನ ಬೈಲಿನಲ್ಲಿ ನಾಲ್ಕು ಗುಂಟೆ ನಿನಗೆ. ನೀರು ನಿಲ್ಲುವ ಜಾಗ, ಹುಳ ಬಂದರೆ ಮೊದಲು ಅಲ್ಲಿಗೇ. ಉಳಿದದ್ದರಲ್ಲಿ ನನ್ನ ಜಯಾ, ಇಂಟಾನ್ ಭತ್ತ ಇರಲಿ. ನಿನ್ನ ಬೀಜದ ಜೊತೆ ಟಿಎನ್1ನದೂ ಒಂದು ಹಿಡಿ ತಗೊಂಡು ಬಾ. ಹುಳ ಬಾರದ ವರ್ಷ ಎಲ್ಲ ತಳಿಯೂ ಶೂರನೇ. ಟಿಎನ್1 ಸಾಯದೆ ನಿಂತರೆ ನಿನ್ನದನ್ನೂ ನಾನು ಹೊಗಳುವುದಿಲ್ಲ.

ಮೃಗಶಿರಾ ಹೊತ್ತಿಗೆ ಅಗೆ ಹಾಕುತ್ತೇವೆ, ಅದಕ್ಕೆ ಮೊದಲೇ ಬಾ. ದೊಡ್ಡಮ್ಮ ಅಪ್ಪೆಮಿಡಿ ಭರಣಿ ತೆಗೆದಿಟ್ಟಿದ್ದಾಳೆ.

ಇತಿ,
ನಿನ್ನ ದೊಡ್ಡಪ್ಪ